ಸೀದ ಹವೀಜದ ಕಷಾಯ

ನೇಕಾರರ ಓಣಿಯ ಕೊನೆಯಲ್ಲಿ ಮಣ್ಣಿನ ಮಾಳಿಗೆಯ ಪುಟ್ಟ ಮನೆಯೊಂದಿತ್ತು. ಮಾತೋಶ್ರೀ ಸಿದ್ಧಾಂಬಿಕೆ ತಾಯಿಯವರು ಅಲ್ಲಿ ವಾಸವಾಗಿದ್ದರೆಂಬ ಕಾರಣಕ್ಕೆ ಜನ ಅದನ್ನೇ ಮಠವೆಂದು ಕರೆಯುತ್ತಿದ್ದರು. ಗದ್ದುಗೆಯಿಲ್ಲ, ಪಲ್ಲಕ್ಕಿಯಿಲ್ಲ. ಸಂಜೆಯ ಲಿಂಗಪೂಜೆ ಮುಗಿಸಿ ತಾಯಿಯವರು ಒಲೆಯ ಮುಂದೆ ಕುಳಿತು, ಕೊತ್ತಂಬರಿ ಬೀಜ, ಅಂದರೆ ಆ ಸೀಮೆಯವರ ಹವೀಜ, ಜೀರಿಗೆ ಹುರಿದು ಕಷಾಯ ಕಾಸುವರು. ಬಂದವರಿಗೆಲ್ಲ ಅದೇ ಪ್ರಸಾದ. ಓಣಿಯ ಹೊಸ ಸೊಸೆಯಂದಿರು ಕಷಾಯ ಕಲಿಯುತ್ತಿದ್ದುದೂ ಆ ಒಲೆಯ ಮುಂದೆಯೇ. ಹವೀಜ ಹುರಿದ ವಾಸನೆ ಬಂದರೆ ಸಂಜೆಯಾಯಿತೆಂದು ಮಗ್ಗ ನಿಲ್ಲಿಸುತ್ತಿದ್ದ ಕಾಲ ಅದು.

ಅಂಥದೊಂದು ಸಂಜೆ ಈರಸಂಗಪ್ಪ ಬಂದ. ಮಗ್ಗದ ಮುಂದೆ ಕುಳಿತೇ ತಲೆ ನರೆತವನು. ಅದೇ ಓಣಿಯವನಾದರೂ ಮಠದೊಳಗೆ ಇಣುಕಿದವನಲ್ಲ. ಹೆಂಡತಿ ನಿಂಬೆವ್ವ ತೀರಿಕೊಂಡ ಮೇಲೆ ಅವನ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆಕೆ ಇದ್ದಾಗ ಅವನು ಮಗ್ಗ ಬಿಟ್ಟು ಏಳುವುದಕ್ಕೂ ಕಷಾಯದ ಬಟ್ಟಲು ಬರುವುದಕ್ಕೂ ಸರಿಹೋಗುತ್ತಿತ್ತು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಕುಡಿಯುವರು, ಹೆಚ್ಚು ಮಾತಿರುತ್ತಿರಲಿಲ್ಲ. ಈಗ ಸೊಸೆ ಕಸ್ತೂರಿ ಕಾಸಿ ಕೊಡುತ್ತಿದ್ದಳು. ಒಂದು ಗುಟುಕು ಕುಡಿದು, ಇದು ನಿಂಬೆವ್ವನ ಕಷಾಯವಲ್ಲವೆಂದು ಅವನು ಬಟ್ಟಲು ಸರಿಸಿಬಿಡುವನು. ದಿನವೂ ಇದೇ ಆಗಿ ಸೊಸೆ ಅವನೆದುರು ಬರುವುದನ್ನೇ ಬಿಟ್ಟಳು. ಮಗ ಬೇರೆ ಮನೆ ನೋಡುತ್ತಿದ್ದಾನೆಂಬ ಸುದ್ದಿಯೂ ಅವನ ಕಿವಿಗೆ ಬಿದ್ದಿತ್ತು.

ನಿಂಬೆವ್ವ ಕಲಿತದ್ದು ಇಲ್ಲಿ ಎಂಬುದೊಂದೇ ಅವನನ್ನು ಎಳೆದು ತಂದಿತ್ತು. ಆಕೆಗೆ ಹೇಳಿಕೊಟ್ಟ ಅಳತೆಯನ್ನು ನನಗೂ ಹೇಳಿರಿ, ಸೊಸೆಗೆ ಮುಟ್ಟಿಸುತ್ತೇನೆ ಎಂದ. ಉಪದೇಶ ಬೇಡ, ಅಳತೆ ಸಾಕು ಎಂದೂ ಸೇರಿಸಿದ. ಮನುಷ್ಯನಿಗೆ ಬಿಗುಮಾನ ಅಷ್ಟಿತ್ತು. ತಾಯಿಯವರು ನಕ್ಕು ಬಾಣಲೆಯನ್ನು ಅವನ ಕಡೆಗೆ ಸರಿಸಿ, ನೀನೇ ಹುರಿಯಪ್ಪ ಎಂದರು.

ಒಲೆಯ ಕೆಲಸ ಅವನಿಗೆಲ್ಲಿ ಗೊತ್ತು? ನೂಲಿಗೆ ಬಣ್ಣ ಕಾಸುವಾಗ ಕೊಪ್ಪರಿಗೆಯ ಕೆಳಗೆ ಹಾಕುವಂತೆ ಕಟ್ಟಿಗೆ ತುರುಕಿ ಉರಿ ದೊಡ್ಡದು ಮಾಡಿದ. ನೋಡನೋಡುತ್ತ ಹವೀಜ ಕರ್ರಗಾಯಿತು. ತಾಯಿಯವರು ತಡೆಯಲಿಲ್ಲ. ಅದನ್ನೇ ಕುಟ್ಟಿಸಿ, ನೀರು ಬೆಲ್ಲ ಹಾಕಿಸಿ, ಕುದಿಸಿ ಸೋಸಿ ಎರಡು ಬಟ್ಟಲಿಗೆ ಹಾಕಿಸಿದರು. ಈರಸಂಗಪ್ಪ ಬಾಯಿಗಿಟ್ಟವನೇ ಮುಖ ಹಿಂಡಿದ. ತಾಯಿಯವರು ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಪೂರ್ತಿ ಕುಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ನಿಂಬೆವ್ವ ಹೊಸದಾಗಿ ಕಾಸಿದ್ದೂ ಹಿಂಗ ಹೊತ್ತಿತ್ತಪ್ಪಾ. ನಿನ್ನ ಗಂಡ ಏನಂದ ಅಂತ ಕೇಳಿದೆ. ಸುಮ್ಮನ ಕುಡದ್ರು, ನಾಳಿನೂ ಮಾಡು ಅಂದ್ರು ಅಂತ ಹೇಳಿ ನಕ್ಕಳು. ಆ ರುಚಿ ನಾ ಕಲಿಸಿದ್ದಲ್ಲ. ನೀ ಕುಡಕೋತ ಹೋದಿ, ಆಕಿ ಕೈಗೆ ಬಂತು."

ಈರಸಂಗಪ್ಪನಿಗೆ ಎಲ್ಲ ನೆನಪಾಯಿತು. ಬಾಗಿಲ ಮರೆಯಲ್ಲಿ ಸೆರಗು ಬಿಗಿಹಿಡಿದು ತನ್ನ ಮುಖವನ್ನೇ ನೋಡುತ್ತಿದ್ದ ಹೊಸ ಹೆಂಡತಿ, ನಾಲಿಗೆಗೆ ಅಂಟಿದ ಕಹಿ, ಹೇಗಾಗಿದೆಯೆಂದು ಕೇಳಲೂ ಅಂಜುತ್ತಿದ್ದ ಆ ಕಣ್ಣುಗಳು. ಇಷ್ಟು ವರ್ಷ ಸಿಹಿಯನ್ನಷ್ಟೇ ನೆನಪಿಟ್ಟುಕೊಂಡು ಅವಳ ಆ ಎಳೆಯ ಮುಖವನ್ನು ಮರೆತಿದ್ದ. ಅದರಿಂದ ಅವನಿಗೆ ತಡೆಯಲಾಗದಷ್ಟು ಸಂಕಟವಾಯಿತು. ತಾಯಿಯವರ ಪಾದಕ್ಕೆ ಹಣೆ ಹಚ್ಚಿ ಅತ್ತ. ಅವರು ಬೆನ್ನು ಸವರಿ, ಮನೆಗೆ ಹೋಗೆಂದರು.

ಅಂದೇ ನಿದ್ದೆ ಬಂತೆಂದರೆ ಸುಳ್ಳಾದೀತು, ಬರಬರುತ್ತ ಬಂತು. ಮಗ ಬೇರೆ ಮನೆಯ ಮಾತನ್ನು ಕೈಬಿಟ್ಟ. ಓಣಿಯವರು ಇದನ್ನೆಲ್ಲ ತಾಯಿಯವರ ಕೃಪೆಯೆಂದೇ ನಂಬಿದ್ದಾರೆ. ಆದರೆ ಕಸ್ತೂರಿ, ಈಗ ಸ್ವತಃ ಅತ್ತೆಯಾಗಿರುವವಳು, ಕಣ್ತುಂಬಿಕೊಂಡು ನೆನೆಯುವುದು ಮಾವ ಮಠದಿಂದ ಮರಳಿದ ಗಳಿಗೆಯನ್ನು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮಾವ ತಾನಾಗಿ ಕಷಾಯ ಕೇಳಿದ. ಬಟ್ಟಲು ಇಟ್ಟು ಓಡಲು ನೋಡಿದವಳನ್ನು ಕೂರಿಸಿಕೊಂಡು, ಅತ್ತೆಯ ಹೊಸತರ ಕಷಾಯದ ಕಥೆ ಹೇಳಿದ. ಅವಳಿಗೆ ನಂಬಿಕೆಯೇ ಬರಲಿಲ್ಲ.

"ಅತ್ತಿಯವ್ರು ಹೊತ್ತಿಸಿದ್ರೇನ್ರಿ ಮಾವಾರ?"

"ಹೊತ್ತಿಸಿದ್ಲವಾ. ನಾ ಕುಡದೆ" ಎಂದು ಈರಸಂಗಪ್ಪ ಬಟ್ಟಲು ಬರಿದು ಮಾಡಿ, ಇನ್ನಷ್ಟು ಹಾಕೆಂದು ಮುಂದೆ ಹಿಡಿದ.