ಮೂರು ಕಾಲಗಳಲ್ಲಿ ಬಂದ ಮಗು

ಸುಂದರಮ್ಮಣ್ಣಿಯವರದು ಆರು ತಲೆಮಾರಿನಿಂದ ಹೆಸರು ಉಳಿಸಿಕೊಂಡು ಬಂದ ಮನೆತನ. ಅವರ ಮುತ್ತಜ್ಜ ಕಟ್ಟಿಸಿದ ಕೊಳದ ನೀರನ್ನು ಊರು ಇಂದಿಗೂ ಕುಡಿಯುತ್ತದೆ. ಯಾರ ಮನೆಯ ಮದುವೆಯಾದರೂ ಮೊದಲ ಲಗ್ನಪತ್ರಿಕೆ ಅವರ ಮನೆಗೇ ಬರುತ್ತದೆ.

ಅಂಥವರು ಅರವತ್ತೆರಡನೆಯ ವಯಸ್ಸಿನಲ್ಲಿ ನೋಟ್‌ಬುಕ್ ಹಿಡಿದು, ನದೀತೀರದ ಕ್ರೈಸ್ತ ಆಶ್ರಮಕ್ಕೆ ಇಂಗ್ಲಿಷ್ ಕಲಿಯಲು ಹೋದರು.

ಅಲ್ಲಿದ್ದವರು ಸಿಸ್ಟರ್ ಬೆನೆಡಿಕ್ಟಾ. ನಲವತ್ತು ವರ್ಷ ಕಾನ್ವೆಂಟಿನಲ್ಲಿ ವ್ಯಾಕರಣ ಕಲಿಸಿದ ಮುದುಕಿ. ಶಿಷ್ಯರು ಯಾರೇ ಆಗಲಿ, ಅವರ ಬಾಯಲ್ಲಿ ಏಕವಚನವೇ. ಅತ್ತೆ ತೀರಿಕೊಂಡ ಮೇಲೆ ಸುಂದರಮ್ಮಣ್ಣಿಯವರನ್ನು ಹಾಗೆ ಮಾತಾಡಿಸಿದವರು ಇವರೊಬ್ಬರೇ.

"ಈಗ ಯಾಕೆ ಇಂಗ್ಲಿಷು?"

ಮೊಮ್ಮಗಳಿಗಾಗಿ ಎಂದರು. ಹೆಸರು ಇಬಾ, ಎಂಟು ವರ್ಷ. ಇರುವುದು ಶಿಲ್ಲಾಂಗಿನಲ್ಲಿ, ಕನ್ನಡ ಬಾರದು. ನೆಂಟರ ಮನೆಯಲ್ಲಿ ಒಮ್ಮೆ ಅವಳ ಫೋಟೋ ಕಂಡದ್ದಷ್ಟೇ. ಮುಂದಿನ ಹಲ್ಲು ಬಿದ್ದಿತ್ತು.

ಮಗಳ ವಿಷಯವನ್ನು ಸಿಸ್ಟರ್ ಕೇಳಿದ ಮೇಲಷ್ಟೇ ಹೇಳಿದರು. ಗೌರಾಂಬೆ ಅಲ್ಲಿಯ ಹುಡುಗನನ್ನು ಮದುವೆಯಾಗಿ ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ತಾವು ಬಾಗಿಲು ಹಾಕಿಕೊಂಡರು. ಹನ್ನೊಂದು ವರ್ಷವಾಯಿತು.

ಸಿಸ್ಟರ್ ದಿನಕ್ಕೆ ಐದು ಕ್ರಿಯಾಪದ ಕೊಟ್ಟರು. ಒಂದೊಂದನ್ನೂ ಭೂತ, ವರ್ತಮಾನ, ಭವಿಷ್ಯತ್ ಕಾಲಗಳಲ್ಲಿ ವಾಕ್ಯ ಮಾಡಿ ಬರೆಯಬೇಕು. ತಪ್ಪಿದರೆ ಹತ್ತು ಸಲ.

ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ನೋಟ್‌ಬುಕ್ ಮೂರಾದವು. ಇಬಾ ಬಂದಳು, ಬರುತ್ತಾಳೆ, ಬರುವಳು. ಇಬಾ ಹೋಳಿಗೆ ತಿಂದಳು. ಇಬಾ ಅಜ್ಜಿಯ ಪಕ್ಕದಲ್ಲಿ ಮಲಗಿದ್ದಾಳೆ. ಸುಂದರಮ್ಮಣ್ಣಿಯವರು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಓದುವಷ್ಟು ಹೊತ್ತು ಮನೆ ತುಂಬಿದಂತಿರುತ್ತಿತ್ತು.

ಒಂದು ದಿನ, ಬೇಸಿಗೆ ರಜೆಗೆ ಬಾ ಎಂದು ಇಬಾಗೆ ಇಂಗ್ಲಿಷಿನಲ್ಲಿ ಬರೆದ ಪತ್ರವನ್ನು ಗುರುವಿನ ಮುಂದಿಟ್ಟರು.

ಸಿಸ್ಟರ್ ಕೆಂಪು ಪೆನ್ನು ಹಿಡಿದು ಓದಿದರು. ಓದಿ ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದರು.

"ತಪ್ಪೆಷ್ಟು, ಸಿಸ್ಟರ್?"

"ಒಂದೂ ಇಲ್ಲ."

"ಹಾಗಾದರೆ ಅಂಚೆಗೆ ಹಾಕಲೇ?"

ಸಿಸ್ಟರ್ ಮೂರೂ ನೋಟ್‌ಬುಕ್ಕುಗಳನ್ನು ಅವರತ್ತ ಸರಿಸಿ, ಗೌರಾಂಬೆ ಇರುವ ಒಂದು ವಾಕ್ಯ ತೋರಿಸು ಎಂದರು.

ಸುಂದರಮ್ಮಣ್ಣಿಯವರು ಹಾಳೆ ತಿರುವಿದರು. ಮೊದಲನೆಯದು ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ನಡುವೆ ಕೈ ನಿಂತಿತು; ಗೌರಾಂಬೆ ಎಲ್ಲೂ ಇರಲಿಲ್ಲ.

"ಎಂಟು ವರ್ಷದ ಕೂಸು ಶಿಲ್ಲಾಂಗಿನಿಂದ ಒಬ್ಬಳೇ ರೈಲು ಹತ್ತಿ ಬರುತ್ತಾಳೇನು?"

"ಅವಳೂ ಬರಲಿ. ನಾನೇನು ಬೇಡ ಅಂದೆನೇ?"

"ಬೇಡ ಅಂದವಳು ನೀನೇ."

ಸುಂದರಮ್ಮಣ್ಣಿಯವರು ಮೂರನೆಯ ನೋಟ್‌ಬುಕ್ಕನ್ನು ಮುಚ್ಚಿಟ್ಟರು. ಸಿಸ್ಟರ್ ಇಂಗ್ಲಿಷ್ ಪತ್ರವನ್ನು ಮಡಚಿ ತಮ್ಮ ಬಳಿ ಇಟ್ಟುಕೊಂಡು, ಖಾಲಿ ಹಾಳೆಯೊಂದನ್ನು ಶಿಷ್ಯೆಯ ಮುಂದಿಟ್ಟರು.

"ಏನೆಂದು ಬರೆಯಲಿ, ಸಿಸ್ಟರ್?"

"ಗೌರಾಂಬೆಯ ಕ್ಷಮೆ ಕೇಳು. ಕನ್ನಡದಲ್ಲಿ ಕೇಳು."