ತಣ್ಣೊಲೆ ಗುಡ್ಡ

ಕಾರೇಹಳ್ಳಿಯನ್ನು ದಾಟಿ ಬಡಗಣ ದಿಕ್ಕಿಗೆ ನಡೆದರೆ ಎದುರಿಗೇ ಒಂದು ಬೋಳುಗುಡ್ಡ ಕಾಣುತ್ತದೆ. ಮರವಿಲ್ಲ, ನೆರಳಿಲ್ಲ, ಅಲ್ಲೊಂದು ಇಲ್ಲೊಂದು ಕಾರೇಕಂಟಿ, ಉಳಿದುದೆಲ್ಲ ಬಂಡೆ. ನೆತ್ತಿಯ ಮೇಲೆ ಆಳೆತ್ತರದ ಒಂದು ಕಲ್ಲುಗುಪ್ಪೆಯಿದೆ. ಹತ್ತಿರ ಹೋಗಿ ನೋಡಿದವರಿಗೆ ಆ ಕಲ್ಲುಗಳ ಒಂದೊಂದು ಮಗ್ಗುಲು ಇಂದಿಗೂ ಮಸಿ ಹಿಡಿದು ಕಪ್ಪಗಿರುವುದು ತಿಳಿಯುತ್ತದೆ. ಗುಪ್ಪೆಯ ಪಕ್ಕದಲ್ಲಿ ಎತ್ತಿನ ಗಾತ್ರದ ಮೂರು ಗುಂಡುಗಳನ್ನು ಹೂಡಿ ಮಾಡಿದ ದೊಡ್ಡ ಒಲೆ. ಈಚೆಗೆ ಯಾರೋ ಅಲ್ಲಿ ತಗಡಿನ ಫಲಕವೊಂದನ್ನು ನೆಟ್ಟು, ಇದು ಜನರ ಮೊರೆಗೆ ದೊರೆ ಓಗೊಟ್ಟ ಪುಣ್ಯಸ್ಥಳವೆಂದು ಬರೆಸಿದ್ದಾರೆ. ಮನೆಗಂದಾಯ ಏರಿದಾಗ, ನೀರಿನ ಕರ ಏರಿದಾಗ ಸುತ್ತಲ ಹಳ್ಳಿಯವರು ಇಲ್ಲಿಂದಲೇ ಮೆರವಣಿಗೆ ಹೊರಡುವುದೂ ಉಂಟು. ಹೊರಡಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಫಲಕ ಬರೆಸಿದ ಮಹಾನುಭಾವರು ಊರಿನ ಒಬ್ಬ ಮುದುಕಿಯನ್ನಾದರೂ ಕೇಳಿದ್ದರೆ ಆ ಮಾತನ್ನು ಅಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಒಬ್ಬ ಪಾಳೆಯಗಾರ ಆಳುತ್ತಿದ್ದ, ಜನ ಅವನನ್ನು ನಾಯಕರು ಎನ್ನುತ್ತಿದ್ದರು. ಗುಡ್ಡದಿಂದ ಮೂಡಲಿಗೆ ನೋಡಿದರೆ ಕಾಣುವ ಮುರುಕು ಕೋಟೆ ಅವನದೇ. ಆ ಕೋಟೆಗೆ ಎರಡನೆಯ ಸುತ್ತು ಕಟ್ಟಿಸುವ ಹುಚ್ಚು ಅವನ ತಲೆಗೆ ಹೊಕ್ಕಿತು. ಹೊಲಕ್ಕೆ ತೆರಿಗೆ ಇತ್ತು, ಗಾಣಕ್ಕೆ ಇತ್ತು, ಮಗ್ಗಕ್ಕೆ ಇತ್ತು. ಇನ್ನು ಉಳಿದುದು ಅಡುಗೆಮನೆ. ಒಲೆದೆರೆ ಎಂದು ಹೊಸತೊಂದನ್ನು ಹೇರಿದರು. ಬೆಳಗಾಗುತ್ತಲೇ ತೆರಿಗೆ ಎತ್ತುವ ಪಾರುಪತ್ಯಗಾರನ ಆಳುಗಳು ಈ ಗುಡ್ಡ ಹತ್ತಿ ನಿಂತು, ಯಾವ ಯಾವ ಸೂರಿನಿಂದ ಹೊಗೆ ಎದ್ದಿತೆಂದು ನೋಡಿಕೊಳ್ಳುತ್ತಿದ್ದರಂತೆ. ಮೊದಲ ವರ್ಷ ಜನ ಗೊಣಗಿಕೊಂಡು ತೆತ್ತರು. ಎರಡನೆಯ ವರ್ಷ ಸುಗ್ಗಿಗೆ ಒಮ್ಮೆ, ಮಾಗಿಗೆ ಇನ್ನೊಮ್ಮೆ ಎಂದಾಗ ಊರಿನ ಗೌಡ ಪಾಲಯ್ಯನ ಜೊತೆಗೆ ಹಿರಿಯರೆಲ್ಲ ಕೋಟೆಬಾಗಿಲಿಗೆ ಹೋಗಿ ಕೂತರು. ನಾಯಕರು ಪೂಜೆಯಲ್ಲಿದ್ದಾರೆ ಎಂದರು, ಕಾದರು. ನಾಯಕರು ಬೇಟೆಗೆ ಹೋಗಿದ್ದಾರೆ ಎಂದರು, ಮತ್ತೆ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಹಾಗೆ ಪಾರುಪತ್ಯಗಾರ ಅವರನ್ನು ಬಾಗಿಲಿನಿಂದ ಒಳಕ್ಕೆ ಬಿಡಲೇ ಇಲ್ಲ.

ಪಾಲಯ್ಯ ಹಟದ ಮನುಷ್ಯ, ಆದರೆ ಕೆಟ್ಟವನಲ್ಲ. ಅವನ ಬಾಯಿಂದ ಒಂದು ಮಾತು ಬಂದರೆ ಅದು ಕಲ್ಲಿನ ಮೇಲೆ ಕೊರೆದಂತೆ ಎಂದು ಊರು ನಂಬಿತ್ತು. ಹಿಂದಿರುಗಿ ಬಂದವನು ಊರಬಾಗಿಲ ಕಟ್ಟೆಯ ಮೇಲೆ ಗಂಡಸರನ್ನೆಲ್ಲ ಕೂಡಿಸಿ, ಅವರು ಹೊಗೆಗೆ ತೆರಿಗೆ ಕೇಳುತ್ತಿದ್ದಾರೆ, ನಾವು ಹೊಗೆಯನ್ನೇ ಎಬ್ಬಿಸುವುದು ಬೇಡ ಎಂದ. ಮನೆಮನೆಯ ಒಲೆಯ ಮೂರು ಗುಂಡುಗಳಲ್ಲಿ ಒಂದನ್ನು ಕಿತ್ತು ಗುಡ್ಡದ ಮೇಲೆ ಹೊತ್ತು ಹಾಕುವುದು; ಎರಡು ಗುಂಡಿನ ಮೇಲೆ ಮಡಕೆ ನಿಲ್ಲದು. ಇಡೀ ಊರಿಗೆ ಗುಡ್ಡದ ನೆತ್ತಿಯಲ್ಲಿ ಒಂದೇ ಒಲೆ, ಅಲ್ಲೇ ಅಡುಗೆ, ಅಲ್ಲೇ ಊಟ. ಕೋಟೆಯ ಉಪ್ಪರಿಗೆಯಿಂದ ಆ ಒಂದು ಹೊಗೆ ನಾಯಕರ ಕಣ್ಣಿಗೆ ಬೀಳಲೇಬೇಕು. ಅವರು ಬಂದು ಕಣ್ಣಾರೆ ನೋಡುವ ತನಕ ಯಾವ ಮನೆಯೊಳಗೂ ಬೆಂಕಿ ಹೋಗಕೂಡದು. ಹೀಗೆಂದು ಎಲ್ಲರೂ ಒಲೆಗುಂಡಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. ಎಂಥ ಒಗ್ಗಟ್ಟು! ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಜುಂ ಎನ್ನುತ್ತದೆ. ಆದರೆ ಆ ಕಟ್ಟೆಯ ಮೇಲೆ ಕೂತವರಲ್ಲಿ ದಿನವೂ ಒಲೆ ಹಚ್ಚುವ ಕೈ ಒಂದೂ ಇರಲಿಲ್ಲ, ಹಾಗಾಗಿ ಒಲೆ ಯಾತಕ್ಕೆಲ್ಲ ಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಪಾರುಪತ್ಯಗಾರ ಮೊದಲು ನಕ್ಕ. ಆಮೇಲೆ ಊರಿನ ಬಾಯಲ್ಲಿ ಕಾವಲು ಹಾಕಿ, ಒಂದು ಮನೆಯೊಳಗೆ ಬೆಂಕಿ ಹೊಕ್ಕರೂ ಸರಿ, ಆಣೆ ಮುರಿಯಿತೆಂದು ಇಡೀ ಊರೇ ಎರಡೂ ಕಂತು ತೆರಬೇಕೆಂದು ಸಾರಿಸಿದ. ಜನ ಜಗ್ಗಲಿಲ್ಲ. ಮುದುಕರನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿದರು. ಮಾಗಿಯ ಚಳಿ ಆ ವರ್ಷ ಬಲು ಜೋರಾಗಿತ್ತು ಎನ್ನುತ್ತಾರೆ. ಗುಡ್ಡದ ಗಾಳಿಗೆ ಮುದ್ದೆ ತಟ್ಟೆಗೆ ಬೀಳುವ ಮೊದಲೇ ಆರುತ್ತಿತ್ತಂತೆ. ಹಾಗೆಯೇ ಪಕ್ಷ ಕಳೆಯಿತು. ಕೋಟೆಯ ಕಡೆಯಿಂದ ಯಾರೂ ಬರಲಿಲ್ಲ. ಅಷ್ಟರಲ್ಲಿ ಪಾಲಯ್ಯನ ಸೊಸೆ ಸೂರಮ್ಮನಿಗೆ ಹೆರಿಗೆಯಾಯಿತು. ಗಂಡು ಕೂಸು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಗಲ.

ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಬೆಂಕಿ ಆರಬಾರದು. ಹೊರಸಿನ ಕೆಳಗೆ ಕೆಂಡ ಇಡುತ್ತಾರೆ, ತಾಯಿಗೂ ಕೂಸಿಗೂ ಕಾವು ಕೊಡುತ್ತಾರೆ, ಕೂಸಿನ ಬಟ್ಟೆಯನ್ನು ಹೊಗೆಗೆ ಹಿಡಿದೇ ಹೊದಿಸುತ್ತಾರೆ. ತಿಂಗಳು ತುಂಬದ ಕೂಸಿಗಂತೂ ಆ ಬೆಂಕಿಯೇ ಎರಡನೆಯ ಗರ್ಭವಿದ್ದಂತೆ. ಆ ಗಾಳಿಯಲ್ಲಿ ಅದನ್ನು ಗುಡ್ಡಕ್ಕೆ ಒಯ್ಯುವಂತೆಯೂ ಇರಲಿಲ್ಲ. ಪಾಲಯ್ಯನ ಹೆಂಡತಿ ಗಾದ್ರಮ್ಮ ಬಾಣಂತಿಯನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ತನ್ನ ಎದೆಗೆ ಕಟ್ಟಿಕೊಂಡು ಒಂದು ದಿನ ನೂಕಿದಳು. ಮಾರನೆಯ ದಿನ ಕೂಸಿನ ತುಟಿ ಕಪ್ಪಿಟ್ಟಿತು. ಆಗ ಕೂಸನ್ನು ತಾಯಿಯ ಮಗ್ಗುಲಿಗೆ ಹಾಕಿ, ಗುಡ್ಡ ಹತ್ತಿ, ದೊಡ್ಡೊಲೆಯಿಂದ ಒಂದು ಮಡಕೆ ಕೆಂಡ ತುಂಬಿಕೊಂಡು ಇಳಿದಳು. ಕೆಂಡಕ್ಕೆ ಹೊಗೆಯಿಲ್ಲವಲ್ಲ ಎಂಬುದು ಅವಳ ಲೆಕ್ಕ. ಊರಬಾಗಿಲಲ್ಲಿ ಕಾವಲಿನವನು ಮುಚ್ಚಳ ಎತ್ತಿ ನೋಡಿದ. ಅವನೂ ಮಕ್ಕಳೊಂದಿಗ. ಅವ್ವಾ, ನಾನು ಕಣ್ಣು ಮುಚ್ಚಿಕೊಂಡೇನು, ಆದರೆ ಆ ಕಟ್ಟೆಯ ಮೇಲೆ ನನ್ನ ಮೇಲಿನವರು ಕೂತಿದ್ದಾರೆ, ಇದು ಒಳಗೆ ಹೋದರೆ ಊರೆಲ್ಲ ತೆರಬೇಕಾಗುತ್ತದೆ, ಗೌಡರನ್ನೊಮ್ಮೆ ಕೇಳು ಎಂದ. ಪಾಲಯ್ಯ ಅಲ್ಲೇ ನಿಂತಿದ್ದ. ಊರೂ ನಿಂತಿತ್ತು.

"ಇಳುಹು ಅದನ್ನ," ಎಂದ ಪಾಲಯ್ಯ. "ಇವತ್ತು ನಮ್ಮ ಮನ್ಯಾಗೆ ಬೆಂಕಿ ಹೊಕ್ಕರೆ, ಇಷ್ಟು ದಿನ ಊರು ನಡುಗಿದ್ದೆಲ್ಲ ಮಣ್ಣುಪಾಲು. ಗೌಡನ ಮನೆಗೊಂದು ನ್ಯಾಯ ಅಂತಾರೆ."

ಗಾದ್ರಮ್ಮ ಗಂಡನ ಮುಖವನ್ನು ನೋಡಿದಳು. "ಆಣೆ ಮಾಡುವಾಗ ಹೆತ್ತೋಳು ಒಬ್ಬಳನ್ನಾದರೂ ಕರೆದಿದ್ರಾ?" ಎಂದು ಕೇಳಿ, ಕೆಂಡವನ್ನು ಅವನ ಕಾಲ ಬಳಿಯಲ್ಲೇ ಸುರಿದು ಬರಿ ಮಡಕೆ ಹಿಡಿದು ಒಳಗೆ ಹೋದಳು.

ಹೊತ್ತು ಮುಳುಗುವ ಮುನ್ನ ನೆರೆಮನೆಯವರು ಒಬ್ಬೊಬ್ಬರಾಗಿ ಪಾಲಯ್ಯನ ಜಗಲಿಗೆ ಬಂದರು. ಹಾಳಾಗಿ ಹೋಗಲಿ ಗೌಡ, ಎರಡು ಕಂತನ್ನೂ ತೆತ್ತುಬಿಡೋಣ, ಕೂಸು ಉಳಿಯಲಿ, ಬೆಂಕಿ ಹಾಕಿಸು ಎಂದರು. ಇದನ್ನು ನಾನು ಒತ್ತಿ ಹೇಳುತ್ತೇನೆ: ಊರು ಕಲ್ಲಾಗಿರಲಿಲ್ಲ. ಕಲ್ಲಾಗಿದ್ದವನು ಒಬ್ಬನೇ, ಅದೂ ಊರಿಗಾಗಿಯೇ. ನಾಳೆಯಾದರೂ ನಾಯಕರು ಬರಬಹುದು, ಇದೊಂದು ದಿನ ತಡೆಯೋಣ ಎಂದು ಅವನು ಅವರನ್ನೇ ಸಮಾಧಾನ ಮಾಡಿ ಕಳಿಸಿದ. ಆದರೆ ಬೆಳಕು ಹರಿಯುವ ಹೊತ್ತಿಗೆ ಅವನ ಹಟ ಮುರಿದಿತ್ತು. ಯಾರಿಗೂ ಹೇಳದೆ ಹೆಂಡತಿಯ ಮಡಕೆಯನ್ನೇ ತೆಗೆದುಕೊಂಡು ತಾನೇ ಗುಡ್ಡ ಹತ್ತಿದ. ಬೂದಿ ಕೆದಕಿ ಕೆಂಡ ತುಂಬಿಕೊಂಡ. ಅರ್ಧ ಗುಡ್ಡ ಇಳಿದಿದ್ದಾಗ ಕೆಳಗೆ ತನ್ನ ಮನೆಯಿಂದ ಹೆಂಗಸರ ಅಳು ಕೇಳಿಸಿತು. ಅವನು ಅಲ್ಲೇ ಕೂತುಬಿಟ್ಟ. ಮಡಕೆಯಲ್ಲಿನ ಕೆಂಡ ಬೂದಿಯಾಗುವವರೆಗೂ ಅವನನ್ನು ಯಾರಿಂದಲೂ ಎಬ್ಬಿಸಲಾಗಲಿಲ್ಲ.

ಗಾದ್ರಮ್ಮ ಅಳಲಿಲ್ಲವಂತೆ. ಕೂಸನ್ನು ತನ್ನ ಧಾರೆಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೋಟೆಯ ದಾರಿ ಹಿಡಿದಳು. ಊರು ಅವಳ ಹಿಂದೆ ನಡೆಯಿತು. ಅಷ್ಟು ದಿನ ಗಂಡಸರ ಮೊರೆಗೆ ತೆರೆಯದ ಬಾಗಿಲು ಅವತ್ತು ತೆರೆಯಿತು, ಏಕೆಂದರೆ ಕಾವಲಿನವರಲ್ಲಿ ಒಬ್ಬನಿಗೂ ಅವಳನ್ನು ಮುಟ್ಟಿ ತಡೆಯುವ ಧೈರ್ಯ ಬರಲಿಲ್ಲ. ನಾಯಕ ಗಲಾಟೆಯೇನೆಂದು ಹೊರಗೆ ಬಂದ. ಅವಳು ಗಂಟನ್ನು ಅವನ ಮುಂದಿನ ಹಾಸುಗಲ್ಲಿನ ಮೇಲೆ ಇಟ್ಟಳು.

"ಬಂದು ನೋಡ್ರಿ ಅಂದ್ವಿ, ನೀವು ಬರಲಿಲ್ಲ," ಎಂದಳು. "ಅದಕ್ಕೇ ನಾನೇ ತಂದೀನಿ."

ನಾಯಕ ಅತ್ತನಂತೆ. ಅಳಲಿ, ಅಳುವುದಕ್ಕೇನೂ ತೆರಿಗೆಯಿಲ್ಲವಲ್ಲ. ಗುಡ್ಡದ ಮೇಲಿನ ಹೊಗೆ ಕಂಡಿರಲಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ದಿನವೂ ಕಾಣುತ್ತಿತ್ತು, ದನಗಾಹಿಗಳು ಚಳಿ ಕಾಯಿಸುತ್ತಿದ್ದಾರೆ ಎಂದು ಪಾರುಪತ್ಯಗಾರ ಹೇಳಿದ್ದ ಎಂದನಂತೆ. ಕೆಲವು ದಿನಗಳಲ್ಲೇ ಡಂಗುರ ಹೊಡೆಸಿದರು. ಪ್ರಜೆಗಳ ಮೊರೆಯನ್ನು ಆಲಿಸಿ ನಾಯಕರು ದಯಪಾಲಿಸಿದ ಅಪ್ಪಣೆ ಇದು: ಇನ್ನು ಮುಂದೆ ಬಾಣಂತಿ ಇರುವ ಮನೆಗೆ, ಅವಳು ಕೋಣೆ ಬಿಟ್ಟು ಹೊರಗೆ ಬರುವವರೆಗೆ, ಒಲೆದೆರೆಯಿಲ್ಲ. ಮಿಕ್ಕ ಮನೆಗಳು ಎಂದಿನಂತೆ ತೆರತಕ್ಕದ್ದು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಕೋಟೆಯ ಎರಡನೆಯ ಸುತ್ತೂ ಎದ್ದಿತು. ಈಗ ಅದರ ಮೇಲೆ ಮೇಕೆ ಮೇಯುತ್ತವೆ. ಸರ್ಕಾರ ಜನರ ಮಾತು ಕೇಳುತ್ತದೆಯೇ ಎಂದು ಫಲಕ ಓದಿ ಬಂದ ಹುಡುಗರು ನನ್ನನ್ನು ಕೇಳುತ್ತಾರೆ. ಕೇಳುತ್ತದಪ್ಪಾ, ಆ ಬಾಣಂತಿಯರ ಮಟ್ಟಿಗೆ ಕೇಳಿತು, ಎಷ್ಟೋ ಕೂಸುಗಳು ಅದರಿಂದ ಉಳಿದಿರಲೂಬಹುದು. ಆದರೆ ಅಷ್ಟನ್ನು ಕೇಳಿಸಲು ಏನನ್ನು ಹೊತ್ತೊಯ್ಯಬೇಕಾಯಿತು ಎಂಬುದನ್ನೂ ಕೇಳಿಕೊಂಡು ಹೋಗಿ ಎನ್ನುತ್ತೇನೆ.

ಜನ ಗುಡ್ಡದಿಂದ ಇಳಿದರು. ಗುಪ್ಪೆಯಲ್ಲಿ ಯಾರ ಮನೆಯ ಗುಂಡು ಯಾವುದೆಂದು ಗುರುತು ಹತ್ತಲಿಲ್ಲ, ಹತ್ತಿದವರೂ ಮುಟ್ಟಲಿಲ್ಲ. ಹೊಸ ಗುಂಡು ತಂದು ಒಲೆ ಹೂಡಿಕೊಂಡರು. ಕೊನೆಯಲ್ಲಿ ಗಾದ್ರಮ್ಮ ಒಬ್ಬಳೇ ಕೊಡ ಹೊತ್ತು ಹತ್ತಿ ಹೋಗಿ ದೊಡ್ಡೊಲೆಗೆ ನೀರು ಸುರಿದು ಬಂದಳು. ಅಂದಿನಿಂದ ಅಲ್ಲಿ ಬೆಂಕಿ ಹೊತ್ತಿಸಿದವರಿಲ್ಲ, ಅಂದಿನಿಂದ ಅದು ತಣ್ಣೊಲೆ ಗುಡ್ಡ ಎನ್ನುತ್ತಾರೆ. ಪಾಲಯ್ಯ ಬದುಕಿದ್ದಷ್ಟು ದಿನ ಚಳಿಗಾಲದಲ್ಲಿ ಬೆಂಕಿಯ ಹತ್ತಿರ ಕೂರಲಿಲ್ಲವಂತೆ.

ಇಂದಿಗೂ ಕಾರೇಹಳ್ಳಿಯಲ್ಲಿ ಹೆರಿಗೆಯಾದರೆ, ಬಾಣಂತಿಯ ಕೋಣೆಗೆ ಬೆಂಕಿ ಇಡುವ ಮುನ್ನ ಮನೆಯ ಹಿರಿಯಳು ಗುಡ್ಡ ಹತ್ತಿ ಬರುತ್ತಾಳೆ. ಕರ್ಪೂರ ಹಚ್ಚುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ. ಆರಿದ ಇದ್ದಲಿನ ಒಂದು ತುಂಡನ್ನು ಆ ಒಲೆಯ ಬಾಯಲ್ಲಿಟ್ಟು ಹಿಂತಿರುಗಿ ನೋಡದೆ ಇಳಿಯುತ್ತಾಳೆ. ನೀವು ಹೋದಾಗಲೂ ಅಲ್ಲಿ ಇದ್ದಲು ಇರುತ್ತದೆ. ಪಕ್ಕದಲ್ಲೇ ನಾಯಕನ ಅಪ್ಪಣೆ ಕೆತ್ತಿದ ಕಲ್ಲು ನಿಂತಿದೆ. ಮೇಲೆ ಸೂರ್ಯಚಂದ್ರರಿದ್ದಾರೆ, ಕೆಳಗೆ ನಾಯಕನ ಹೆಸರು ಬಿರುದುಗಳ ಸಮೇತ ಇದೆ, ಪಾರುಪತ್ಯಗಾರನ ಹೆಸರಿದೆ, ಕೆತ್ತಿದವನ ಹೆಸರೂ ಇದೆ. ಕೂಸಿನ ಹೆಸರಿಲ್ಲ. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ.