ಹೊನ್ನೆ ಮರ ಕಡಲಿನ ಕಡೆಗೆ ವಾಲಿದ್ದು

ಲೋಕ ಇನ್ನೂ ಹೊಸ ಮಣ್ಣಿನ ವಾಸನೆ ಬಿಡುತ್ತಿದ್ದ ಕಾಲ. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಮರಗಳಿಗೂ ನೆಲೆ ಇರಲಿಲ್ಲ. ಬೇರುಗಳನ್ನು ಸೀರೆಯ ನೆರಿಗೆಯಂತೆ ಎತ್ತಿ ಹಿಡಿದು, ಜಾಗ ಹುಡುಕುತ್ತ ನಡೆಯುತ್ತಿದ್ದವು.

ಮಾವು ಕೆಂಪು ಮಣ್ಣು ಹಿಡಿಯಿತು. ಬಿದಿರು ಗುಡ್ಡ ಹತ್ತಿತು. ಹಲಸು ಮನೆಯ ಹಿತ್ತಲೇ ಸಾಕು ಎಂದಿತು. ಕಡಲ ದಡದ ಮರಳು ಮಾತ್ರ ಯಾರಿಗೂ ಬೇಡವಾಗಿ ಉಳಿಯಿತು.

ಆ ಮರಳಿನ ಮೇಲೆ ಮೀನು ಹಿಡಿಯುವವರ ಒಂದು ಕೇರಿ ಇತ್ತು. ಕೇರಿಯ ಯಜಮಾನ ಕುಷ್ಟ. ಅವನ ಹೆಂಡತಿ ಬಚ್ಚಿ. ಅಲ್ಲಿ ಹಗಲಿಡೀ ಬಿಸಿಲು. ಗಾಳಿ ಬೀಸಿದರೆ ಗಂಜಿಯ ತುಂಬ ಮರಳು. ಅಲೆ ಬಂದು ಹೋದಾಗಲೆಲ್ಲ ಅಂಗಳದ ಅಂಚು ಸ್ವಲ್ಪ ಸ್ವಲ್ಪವೇ ಕಡಲಿಗೆ ಸೇರುತ್ತಿತ್ತು.

ಒಂದು ಮರವಾದರೂ ಬೇಕು ಎಂದು ಬಚ್ಚಿ ಹೊರಟಳು.

ಉಪ್ಪುಗಾಳಿ ತಾಗಿದರೆ ತನ್ನ ಹೂವು ಉದುರುತ್ತದೆ ಎಂದಿತು ಮಾವು. ಕಾಲ ಕೆಳಗೆ ಗಟ್ಟಿ ನೆಲ ಇಲ್ಲದಿದ್ದರೆ ತನಗೆ ತಲೆ ತಿರುಗುತ್ತದೆ ಎಂದಿತು ಹಲಸು. ತನ್ನ ಎಲೆ ಅಗಲ, ನಿಮ್ಮ ಗಾಳಿ ಅದನ್ನು ಹರಿದು ಹಾಕುತ್ತದೆ ಎಂದಿತು ತೇಗ. ಎಲ್ಲರೂ ಮರ್ಯಾದೆಯಿಂದಲೇ ಇಲ್ಲ ಎಂದರು.

ಮರಳಿ ಬರುವಾಗ ದಾರಿಯಲ್ಲಿ ಒಂದು ಸಣ್ಣ ಮರ ಇನ್ನೂ ನಡೆಯುತ್ತಿತ್ತು. ಅದು ಹೊನ್ನೆ. ಉಳಿದ ಮರಗಳ ಜೊತೆಗೇ ಹೊರಟಿತ್ತು. ಆದರೆ ಒಂದೊಂದು ಜಾಗದಲ್ಲೂ ನಿಂತು ಯೋಚಿಸುತ್ತಿತ್ತು. ಯೋಚಿಸಿ ಮುಗಿಯುವಷ್ಟರಲ್ಲಿ ಅಲ್ಲಿ ಬೇರೆ ಯಾರಾದರೂ ಬೇರು ಇಳಿಸಿರುತ್ತಿದ್ದರು.

"ನಮ್ಮಲ್ಲಿಗೆ ಬರುತ್ತೀಯಾ?" ಎಂದಳು ಬಚ್ಚಿ. "ಉಪ್ಪು ಇದೆ, ಮರಳು ಇದೆ, ಗಾಳಿ ಇದೆ. ಸುಳ್ಳು ಹೇಳಿ ಕರೆಯುವುದಿಲ್ಲ. ಬೇರೆ ಎಂತದೂ ಇಲ್ಲ."

ಹೊನ್ನೆ ಯೋಚಿಸಿತು. ಬಚ್ಚಿ ಕೂತು ತಲೆಗೂದಲು ಬಿಚ್ಚಿ, ಬಾಚಿ, ಮತ್ತೆ ಕಟ್ಟಿಕೊಂಡಳು. ಆಗ ಹೊನ್ನೆ, ನಿಂತು ನೋಡುತ್ತೇನೆ ಎಂದಿತು.

ಅದು ದಡಕ್ಕೆ ಬಂದು ಮರಳಿನಲ್ಲಿ ಬೇರು ಇಳಿಸಿತು. ಕುಷ್ಟ ಸುತ್ತ ಒಂದು ಸಲ ನಡೆದು ನೋಡಿದ.

"ಎಂತ ಮಾರಾಯ್ತಿ, ಹೋಗಿ ಹೋಗಿ ಇದನ್ನು ಕರೆದುಕೊಂಡು ಬಂದೆಯಾ? ಇದು ನೆರಳು ಕೊಡುವಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೆ ಹಲ್ಲು ಬಿದ್ದಿರುತ್ತದೆ."

ಹೊನ್ನೆ ಇದಕ್ಕೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತ ನಿಂತಿತು. ಯೋಚಿಸುತ್ತಲೇ ಬೆಳೆಯಿತು. ಗಾಳಿ ಹಿಡಿ ಹಿಡಿ ಉಪ್ಪು ತಂದು ಎರಚಿತು. ಹೊನ್ನೆಯ ಎಲೆ ದಪ್ಪ, ಎಣ್ಣೆ ಸವರಿದ ಹಾಗೆ ನುಣುಪು. ಉಪ್ಪು ಜಾರಿ ಬಿತ್ತು. ಮರಳು ಸರಿದಾಡಿ ಕಾಡಿತು. ಹೊನ್ನೆ ಬೇರನ್ನು ಇನ್ನೂ ಆಳಕ್ಕೆ ಇಳಿಸಿ, ಇನ್ನೂ ಅಗಲಕ್ಕೆ ಹರಡಿ, ಮರಳನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿತು. ಹೀಗೆ ನಿಧಾನವಾಗಿ ಅದರ ಬುಡದಲ್ಲಿ ಕೇರಿಯವರೆಲ್ಲ ಕೂರುವಷ್ಟು ನೆರಳಾಯಿತು.

ನೆರಳು ಬಂತು, ಮೀನು ಹೋಯಿತು. ಬಲೆ ಬೀಸಿದಾಗಲೆಲ್ಲ ಕಡಲು ಬರೀ ಪಾಚಿ ಕೊಟ್ಟು ಕಳಿಸಿತು. ಮಳೆಗಾಲ ಬಂದರೆ ದೋಣಿ ಇಳಿಸುವಂತಿಲ್ಲ. ಅಷ್ಟರೊಳಗೆ ಮೀನು ಹಿಡಿದು ಒಣಗಿಸಿ ಇಡದಿದ್ದರೆ ಊಟಕ್ಕಿಲ್ಲ. ಕುಷ್ಟ ಎಲ್ಲರನ್ನೂ ಕರೆದು, ಮಳೆ ಹಿಡಿಯುವ ಮೊದಲು ಬಲೆ ತುಂಬದಿದ್ದರೆ ಗುಡಿಸಲು ಕಿತ್ತುಕೊಂಡು ಘಟ್ಟದ ಬುಡಕ್ಕೆ ಹೋಗುವುದೇ ಸೈ ಎಂದ.

ಬಚ್ಚಿ ಕಡಲಿನ ಸದ್ದಿಲ್ಲದೆ ಒಂದು ದಿನವೂ ಮಲಗಿದವಳಲ್ಲ. ಅವಳು ಬಂದು ಹೊನ್ನೆಗೆ ಒರಗಿ ನಿಂತಳು.

"ನಿನ್ನನ್ನು ಕರೆತಂದದ್ದು ನಾನು. ಈಗ ಬಿಟ್ಟು ಹೋಗುವವಳೂ ನಾನೇ ಆಗುತ್ತೇನೋ ಏನೋ."

ಹೊನ್ನೆಗೆ ಈಗ ನಡೆಯಲು ಬರುತ್ತಿರಲಿಲ್ಲ. ಬೇರು ನಿಂತುಬಿಟ್ಟಿತ್ತು.

ಆಕಾಶದಲ್ಲಿ ಮೊದಲ ಮೋಡ ಕಾಣಿಸಿದ ದಿನ ಕಡಲಿನ ಬಣ್ಣ ಬದಲಾಯಿತು. ಬಂಗುಡೆ ಮೀನಿನ ಹಿಂಡು ದಡಕ್ಕೆ ಬಂದಿತ್ತು. ಕುಷ್ಟ ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಇಳಿಸಿದ. ಎರಡು ತುದಿಯ ಹಗ್ಗಗಳನ್ನು ಹಿಡಿದು ಕೇರಿಯೇ ದಡದಿಂದ ಎಳೆಯಿತು. ಹಗ್ಗ ಎಂದೂ ಇಷ್ಟು ಭಾರವಾಗಿರಲಿಲ್ಲ.

ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಇದು ಆ ಕೇರಿಯ ಕಟ್ಟಳೆ. ಬಲೆ ಇನ್ನೂ ನೀರಿನಲ್ಲೇ ಇತ್ತು. ಅಷ್ಟರಲ್ಲಿ ಸಂಕಪ್ಪ ಎಂಬ ಬೋಳುತಲೆಯ ಮುದುಕ ಬಂದು ಹಗ್ಗದ ಮೇಲೆ ಕೈ ಇಟ್ಟು, ತನಗೂ ಪಾಲು ಆಯಿತು ಎಂದ.

ಕುಷ್ಟನಿಗೆ ತಡೆಯಲಾಗಲಿಲ್ಲ. "ಸಂಕಪ್ಪಣ್ಣ, ನೀನು ಹಗ್ಗವನ್ನು ಎಳೆದೆಯೋ, ಹಗ್ಗ ಹಿಡಿದು ಆಯಾಸ ಪರಿಹಾರ ಮಾಡಿಕೊಂಡೆಯೋ?"

ಸಂಕಪ್ಪ ಬಿಡುವವನೇ? ದೋಣಿ ಇದೆ ಎಂದು ಕುಷ್ಟ ಎರಡು ಪಾಲು ಒಯ್ಯುವುದು ಯಾವ ನ್ಯಾಯ ಎಂದು ಕೇಳಿದ. ಹಿಂಡನ್ನು ಮೊದಲು ಕಂಡದ್ದು ತಾನು ಎಂದ ಒಬ್ಬ. ಗಂಜಿ ಹೊತ್ತು ತಂದ ಕೈಗೆ ಪಾಲಿಲ್ಲವೇ ಎಂದಳು ಒಬ್ಬಳು. ಮೊದಲು ಮೀನು ಮೇಲೆ ಬರಲಿ ಎಂದು ಬಚ್ಚಿ ಹೇಳಿದರೆ, ನೀನು ಬುಟ್ಟಿ ತಾ ಹೋಗು ಎಂದರು. ಕೊನೆಗೆ, ಪಾಲು ತೀರ್ಮಾನ ಆಗದೆ ಇನ್ನೊಂದು ಮೊಳ ಎಳೆಯುವುದಿಲ್ಲ ಎಂದು ಎಲ್ಲರೂ ಸೇರಿ ಎರಡೂ ಹಗ್ಗಗಳನ್ನು ಹೊನ್ನೆಗೆ ಸುತ್ತಿ ಕಟ್ಟಿ, ಅದರ ನೆರಳಿನಲ್ಲಿ ಕೂತು ಜಗಳಕ್ಕೆ ಶುರುಮಾಡಿದರು.

ಆಗ ಕಡಲು ಬಲೆಯನ್ನು ಹಿಂದಕ್ಕೆ ಎಳೆಯಿತು.

ಹಗ್ಗ ಬಿಗಿಯಾಯಿತು. ಆದರೆ ಬರಲಿಲ್ಲ. ಕಡಲಿಗೆ ಆಶ್ಚರ್ಯವಾಯಿತು.

"ಆ ತುದಿಯಲ್ಲಿ ಯಾರದು?"

"ನಾನು, ಹೊನ್ನೆ."

"ಬಿಡು."

"ಕಟ್ಟಿದ್ದಾರೆ. ಬಿಡಲು ಬರುವುದಿಲ್ಲ."

"ನಾನು ಎಳೆಯುತ್ತಲೇ ಇರುತ್ತೇನೆ. ನೀನು ಎಷ್ಟು ಹೊತ್ತು ನಿಲ್ಲುತ್ತೀ?"

ಹೊನ್ನೆ ಎಂದಿನಂತೆ ಯೋಚಿಸಿತು. "ನನಗೆ ಅವಸರವಿಲ್ಲ," ಎಂದಿತು.

ಕಡಲು ಎಳೆಯಿತು. ಗಾಳಿಯೂ ಅದರ ಜೊತೆ ಸೇರಿಕೊಂಡು ಹಿಂದಿನಿಂದ ನೂಕಿತು. ಹೊನ್ನೆ ಬಾಗಿತು. ಇನ್ನೂ ಬಾಗಿತು. ಮರಳಿನ ಒಳಗೆ ಬೇರುಗಳು ಒಂದನ್ನೊಂದು ಹಿಡಿದುಕೊಂಡವು. ಕಾಂಡ ನರಳಿತು, ಬೇರು ಬಿಡಲಿಲ್ಲ. ಮೇಲೆ ಕೂತವರಿಗೆ ಇದು ಯಾವುದೂ ಗೊತ್ತಿಲ್ಲ. ಅವರು ಸಂಕಪ್ಪನ ಪಾಲಿನಲ್ಲಿ ಬಾಲದ ಕಡೆ ಎಷ್ಟು, ತಲೆಯ ಕಡೆ ಎಷ್ಟು ಎನ್ನುವಲ್ಲಿಗೆ ಬಂದಿದ್ದರು.

ಸಂಕಪ್ಪ ತಟ್ಟನೆ ಮಾತು ನಿಲ್ಲಿಸಿ ಬೋಳುತಲೆಯ ಮೇಲೆ ಕೈ ಇಟ್ಟುಕೊಂಡ. ತಲೆ ಸುಡುತ್ತಿತ್ತು.

"ಅಲ್ಲ ಮಾರಾಯರೆ, ನೆರಳು ಎಲ್ಲಿಗೆ ಹೋಯಿತು?"

ಎಲ್ಲರೂ ತಿರುಗಿ ನೋಡಿದರು. ಹೊನ್ನೆ ನೀರಿನ ಮೇಲೆ ವಾಲಿತ್ತು. ನೆರಳು ಅಲೆಗಳ ಮೇಲಿತ್ತು. ಅಷ್ಟರಲ್ಲಿ ಬಚ್ಚಿ ಬುಟ್ಟಿಗಳನ್ನು ಎಸೆದು ಓಡಿಬಂದು ಹಗ್ಗ ಹಿಡಿದಾಗಿತ್ತು. ಅವಳ ಹಿಂದೆ ಕುಷ್ಟ, ಕುಷ್ಟನ ಹಿಂದೆ ಕೇರಿ. ಈ ಸಲ ಸಂಕಪ್ಪನೂ ಕಾಲು ಊರಿ ಎಳೆದ. ಕಡಲು ಒಂದು ಸಲ ಜಗ್ಗಿತು, ಇನ್ನೊಂದು ಸಲ ಜಗ್ಗಿತು, ಆಮೇಲೆ ಬಿಟ್ಟುಕೊಟ್ಟಿತು. ದಡದ ಉದ್ದಕ್ಕೂ ಬಂಗುಡೆ ಬೆಳ್ಳಿಯಂತೆ ಹರಡಿತು. ಇಡೀ ಮಳೆಗಾಲಕ್ಕೆ ಸಾಕಾಗುವಷ್ಟು.

ಪಾಲು ಹಾಕುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ಕುಷ್ಟ ತನ್ನ ಎರಡನೆಯ ಪಾಲನ್ನು ಎತ್ತಿ ಹೊನ್ನೆಯ ಬುಡದಲ್ಲಿ ಇಟ್ಟ. "ನಮಗಿಂತ ಹೆಚ್ಚು ಎಳೆದದ್ದು ನೀನು. ಇದು ನಿನ್ನದು."

ಹೊನ್ನೆ ಯೋಚಿಸುತ್ತ ನಿಂತಿತು. ಕಾಗೆಗಳು ಬಂದು ಅರ್ಧ ಪಾಲು ಮುಗಿಸಿದವು. ಆಮೇಲೆ ಅದು ಹೇಳಿತು:

"ನನಗೆ ಮೀನು ಬೇಡ. ಇಲ್ಲಿಂದ ಹೋಗುವ ಮಾತು ಮಾತ್ರ ಇನ್ನು ಆಡಬೇಡಿ."

ಕುಷ್ಟ ಕಡಲಿನ ಕಡೆ ಮುಖ ತಿರುಗಿಸಿದ. "ಹೋಗುತ್ತೇವೆ ಅಂತ ಅಂದದ್ದು ಯಾರು?" ಎಂದ. ಬಚ್ಚಿ ನಕ್ಕಳು.

ಮರುದಿನ ಕೇರಿಯವರು ಬಂದು ಹೊನ್ನೆಯನ್ನು ನೆಟ್ಟಗೆ ನಿಲ್ಲಿಸಲು ನೋಡಿದರು. ಹೀಗೇ ಇರಲಿ, ಈಗ ಕಡಲಿನ ಜೊತೆ ಮಾತಾಡುವುದು ಸುಲಭ ಎಂದಿತು ಅದು. ಕಡಲಿಗೂ ತನ್ನನ್ನು ತಡೆದು ನಿಲ್ಲಿಸಿದ ಮರದ ಮೇಲೆ ಗೌರವ ಹುಟ್ಟಿತ್ತು. ಮರವಿಲ್ಲದ ದಡಗಳು ಇನ್ನೂ ಎಷ್ಟೋ ಇವೆ, ನಿನ್ನ ಮಕ್ಕಳು ಬರುತ್ತಾರಾ ಎಂದು ಕೇಳಿತು. ಹೊನ್ನೆ ಗೋಲಿಯಂಥ ಹಸಿರು ಕಾಯಿಗಳನ್ನು ನೀರಿಗೆ ಉದುರಿಸಿತು. ಕಡಲು ಅವನ್ನು ತೇಲಿಸಿಕೊಂಡು ಹೋಗಿ ದೂರದೂರದ ಮರಳಿಗೆ ಮುಟ್ಟಿಸಿತು. ಅಲ್ಲಿಯ ಜನ ಆರಿಸಿ ನೆಟ್ಟರು. ಬೇರೆ ಸಸಿ ಒಣಗಿಹೋದ ಕಡೆಯೂ ಹೊನ್ನೆ ನಿಂತಿತು. ಗಾಳಿಗೆ ಅಡ್ಡವಾಯಿತು, ಬಿಳಿ ಹೂ ಬಿಟ್ಟು ಪರಿಮಳ ಕೊಟ್ಟಿತು, ಬೀಜದ ಎಣ್ಣೆಯಿಂದ ದೀಪ ಉರಿಸಿತು.

ಅದಕ್ಕೇ ಮಗೂ, ಇಂದಿಗೂ ನೀನು ಕಡಲ ದಡಕ್ಕೆ ಹೋದರೆ ಹೊನ್ನೆ ಮರ ಮರಳಿನಲ್ಲಿ ಬೇರು ಊರಿ, ಮೈಯನ್ನು ನೀರಿನ ಕಡೆಗೆ ವಾಲಿಸಿ, ಆಚೆ ತುದಿಯಿಂದ ಯಾರೋ ಇನ್ನೂ ಎಳೆಯುತ್ತಿರುವ ಹಾಗೆ ನಿಂತಿರುತ್ತದೆ.